ದೊಡ್ಡಮುನಿಯಮ್ಮ ಉಂಡು ಬಂದ ಊರು

ವಕ್ಕಲೇರಿಯ ದೊಡ್ಡಮುನಿಯಮ್ಮ ಯಾವ ಊರಿಗೆ ಹೋಗಿ ಬಂದರೂ ಅವಳ ತಮ್ಮನ ಮಗಳು ಭಾರತಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದ ಮಾತು ಒಂದೇ.

"ಅತ್ತೆ, ಊಟ ಮಾಡಿದ್ಯಾ?"

ಎಲ್ಲರ ಮನೆಯಲ್ಲೂ ಕೇಳುವ ಮಾತೇ ಅದು. ಆದರೆ ಈ ಮನೆಯಲ್ಲಿ ಅದರ ತೂಕ ಬೇರೆಯಾಗಿತ್ತು. ಕೋಲಾರ ಸೀಮೆಯ ಅವರ ಒಕ್ಕಲು ಜನದಲ್ಲಿ ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿಕೊಂಡು ಬರುವುದು ಪದ್ಧತಿ. ಮನೆ ಮನಸ್ಸಿಗೆ ಬಂದರೆ ಅಲ್ಲೇ ಎಲೆ ಹಾಕಿಸಿಕೊಂಡು ಉಣ್ಣುತ್ತಾರೆ. ಬಾರದಿದ್ದರೆ ಹೊಟ್ಟೆನೋವು ಅಂತಲೋ, ಇವತ್ತು ಒಪ್ಪೊತ್ತು ಅಂತಲೋ ನೆವ ಹೇಳಿ ಎದ್ದು ಬರುತ್ತಾರೆ. ಬೇಡ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಬೇಕು ಎಂಬುದನ್ನೂ ಅಷ್ಟೇ. ಉಂಡರೆ ಹೆಣ್ಣು ಕೊಟ್ಟ ಹಾಗೆ. ಉಂಡು ಬಂದು ಹಿಂದೆ ಸರಿದವರ ಮನೆ ಹೆಣ್ಣನ್ನು ಆಮೇಲೆ ಯಾರೂ ಕೇಳಿಕೊಂಡು ಬರುವುದಿಲ್ಲ.

ದೊಡ್ಡಮುನಿಯಮ್ಮ ಯಾವ ಊರಲ್ಲೂ ಉಂಡು ಬಂದವಳಲ್ಲ. "ಊಟವಾ? ಅಂಥವರ ಮನೇಲಾ? ಥೂ!" ಎಂದು ಜಗಲಿಯ ಮೇಲೆ ಕೂತು, ಕಾಲು ಚಾಚಿ, ನೋಡಿ ಬಂದ ಮನೆಯ ಮಾನವನ್ನು ಒಂದೊಂದಾಗಿ ಬಿಡಿಸಿ ಬಿಸಿಲಿಗೆ ಹರವುತ್ತಿದ್ದಳು. ಭಾರತಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂರುತ್ತಿದ್ದಳು.

ಹೀಗಾಗಲು ಒಂದು ಕಾರಣವಿತ್ತು. ಕಾರಣವಿದೆ ಎಂದು ಅವಳ ಬಾಯನ್ನು ಮಾಫಿ ಮಾಡಬೇಕಾಗಿಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು. ದೊಡ್ಡಮುನಿಯಮ್ಮನಿಗೆ ಇನ್ನೂ ಲಂಗ ಜಾರುವ ವಯಸ್ಸಿನಲ್ಲಿ ಅವಳ ಅಪ್ಪನೂ ಚಿಕ್ಕಪ್ಪಂದಿರೂ ಮಾಲೂರಿನ ಕಡೆ ಒಂದು ಮನೆ ನೋಡಲು ಹೋದರು. ಗಂಡಸರು ಮನೆ ನೋಡುವ ಚಂದವನ್ನು ಏನು ಹೇಳುವುದು! ಜಗಲಿಯ ಮೇಲೆ ಕೂತರು, ಮೀಸೆ ತಿರುವಿದರು, ಅಂಗಳದಲ್ಲಿದ್ದ ಹುಲ್ಲಿನ ಮೆದೆಯ ಕಡೆ ಒಂದು ಸಲ, ಕಟ್ಟಿದ್ದ ಎತ್ತಿನ ಕಡೆ ಒಂದು ಸಲ ತಲೆ ಆಡಿಸಿದರು. ಅಷ್ಟು ಹೊತ್ತಿಗೆ ಒಳಗಿಂದ ಒಬ್ಬಟ್ಟಿನ ವಾಸನೆ ಬಂತು. ತುಪ್ಪ ಸುರಿದುಕೊಂಡು ತಿಂದರು, ತೇಗಿದರು, ಬಂದರು. "ಮನೆ ಹೆಂಗದೆ?" ಎಂದು ಅವ್ವ ಕೇಳಿದರೆ, "ಒಬ್ಬಟ್ಟು ಹೂವಿದ್ದಂಗಿತ್ತು ಕಣೇ," ಎಂದ ಆ ಮಹಾನುಭಾವ.

ಮದುವೆಯ ಚಪ್ಪರ ಬಿಚ್ಚುವುದರೊಳಗೆ ಮೆದೆ ಪಕ್ಕದ ಮನೆಯವರ ಹಿತ್ತಲಿಗೆ ವಾಪಸು ಹೋಯಿತು. ಅದರ ಹಿಂದೆಯೇ ಎತ್ತುಗಳೂ ಹೋದವು. ಎರವಲಲ್ಲದೆ ಆ ಮನೆಯಲ್ಲಿ ಉಳಿದವನು ಗಂಡನೊಬ್ಬನೇ. ಅವನು ಹೊತ್ತು ಹುಟ್ಟಿದರೆ ಇಸ್ಪೀಟು, ಹೊತ್ತು ಮುಳುಗಿದರೆ ಈಚಲ ಹೆಂಡ ಎಂದು ಬಾಳಿ, ಒಂದು ಮಳೆಗಾಲದ ಜ್ವರದಲ್ಲಿ ಹೋಗಿಬಿಟ್ಟ. ದೊಡ್ಡಮುನಿಯಮ್ಮ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ತವರಿಗೆ ಬಂದಳು. "ನಮ್ಮಪ್ಪ ಒಬ್ಬಟ್ಟಿಗೆ ನನ್ನನ್ನ ಕೊಟ್ಟು ಬಂದ," ಎಂದು ಆ ಮುದುಕ ಸಾಯುವವರೆಗೂ ಅವನ ಎದುರಿಗೇ, ನೆಂಟರಿಷ್ಟರು ಕೂತಿರುವಾಗಲೇ ಹೇಳುತ್ತಿದ್ದಳು. ಮುದುಕ ಕೆಮ್ಮಿಕೊಂಡು ಎದ್ದು ಹೋಗುತ್ತಿದ್ದ.

ತಮ್ಮ ಚನ್ನರಾಯಪ್ಪನ ಹೆಂಡತಿ ಅಂಬೆಗಾಲಿಡುವ ಕೂಸನ್ನು ಬಿಟ್ಟು ಸತ್ತಾಗ, ಆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡವಳು ಇವಳೇ. ಭಾರತಮ್ಮ ಎಂದು ಹೆಸರಿಟ್ಟವಳೂ ಇವಳೇ. ಚನ್ನರಾಯಪ್ಪ ಒಳ್ಳೆಯವನು. ಅಕ್ಕನ ಎದುರು ಬಾಯಿ ತೆರೆಯದಿರುವುದನ್ನು ಒಳ್ಳೆಯತನ ಎನ್ನುವುದಾದರೆ ಅವನಷ್ಟು ಒಳ್ಳೆಯವನು ಕೋಲಾರ ತಾಲ್ಲೂಕಿನಲ್ಲೇ ಇರಲಿಲ್ಲ.

ಮನೆ ನೋಡುವುದರಲ್ಲಿ ದೊಡ್ಡಮುನಿಯಮ್ಮನಿಗೆ ಬರಬರುತ್ತಾ ಹೆಸರಾಯಿತು. ನರಸಾಪುರದವರು, ವೇಮಗಲ್ಲಿನವರು ಕೂಡ ತಮ್ಮ ಹೆಣ್ಣುಮಕ್ಕಳಿಗೆ ಮನೆ ನೋಡುವಾಗ ಅವಳನ್ನು ಗಾಡಿ ಕಟ್ಟಿಸಿಕೊಂಡು ಕರೆದುಕೊಂಡು ಹೋಗುತ್ತಿದ್ದರು. ಅವಳ ವರಸೆಯೇ ಬೇರೆ. ನಾಡಿದ್ದು ಬರುತ್ತೇವೆಂದು ಹೇಳಿ ಕಳಿಸಿ ನಾಳೆಯೇ ಹೋಗುವುದು. ಊರ ಬಾಗಿಲಿಂದ ಹೋಗದೆ ಹಿಂದಿನಿಂದ, ಹೊಲದ ಬದುವಿನ ಮೇಲೆ ಹೋಗುವುದು. ಮೊದಲು ತಿಪ್ಪೆ ನೋಡುವುದು. "ಮೆದೆ ಎರವಲು ತರಬಹುದು, ಎತ್ತು ಎರವಲು ತರಬಹುದು. ತಿಪ್ಪೆ ಎರವಲು ತರೋಕಾಗ್ತದೇನ್ಲಾ?" ಎಂದು ತಮ್ಮನನ್ನು ಕೇಳುತ್ತಿದ್ದಳು. ತಿಪ್ಪೆಯ ಎತ್ತರ ನೋಡಿದರೆ ಕೊಟ್ಟಿಗೆಯಲ್ಲಿ ಎಷ್ಟು ದನ ಎಂಬುದು ಅವಳಿಗೆ ತಿಳಿಯುತ್ತಿತ್ತು, ತಿಪ್ಪೆಯ ಮೇಲೆ ಬಿದ್ದಿರುವುದನ್ನು ನೋಡಿದರೆ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು. ಆವನಿಯಲ್ಲಿ ಒಂದು ಮನೆಯವರು ಜೋಡೆತ್ತು ಕಟ್ಟಿ, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ್ದರು. ದೊಡ್ಡಮುನಿಯಮ್ಮ ಮನೆಯ ಯಜಮಾನನಿಗೆ, "ಒಂದು ಸಲ ಕರೀರಿ ಅವನ್ನ," ಅಂದಳು. ಯಜಮಾನ ಗಂಟಲು ಹರಿಯುವ ಹಾಗೆ ಕರೆದ. ಎತ್ತುಗಳು ಮೂರನೆಯ ಮನೆಯ ಕಡೆ ಮುಖ ಮಾಡಿ ನಿಂತಿದ್ದವು, ಕಿವಿ ಕೂಡ ಆಡಿಸಲಿಲ್ಲ.

ಬೇರೆಯವರ ಹೆಣ್ಣಿಗೆ ಹೋದಾಗ ಮನೆ ಸರಿಯಿದ್ದರೆ, "ನೀವು ಉಣ್ಣಿ" ಎಂದು ಹೆಣ್ಣಿನ ತಂದೆತಾಯಿಗೆ ಸನ್ನೆ ಮಾಡಿ ತಾನು ಎದ್ದು ಹೊರಗೆ ಹೋಗುತ್ತಿದ್ದಳು. ಮರದ ಕೆಳಗೆ ಕೂತು, ಮಡಿಲಲ್ಲಿ ಕಟ್ಟಿ ತಂದ ರಾಗಿ ರೊಟ್ಟಿಯನ್ನು ಹುಚ್ಚೆಳ್ಳು ಪುಡಿಯ ಜೊತೆ ತಿನ್ನುತ್ತಿದ್ದಳು. ಪರರ ಮನೆಯ ಎಲೆಯ ಮುಂದೆ ಕೂರುವುದಿಲ್ಲವೆಂದು ಅವಳು ತವರಿಗೆ ಬಂದ ದಿನವೇ ಹಟ ಹಿಡಿದಿದ್ದಳು.

ಹೀಗೆ ಅವಳು ನಾಲ್ಕು ತಾಲ್ಲೂಕು ಸುತ್ತಿದಳು. ಆ ಕಾಲದಲ್ಲಿ ಅವಳ ವಾರಗೆಯ ಹೆಂಗಸರು ಕೋಲಾರದ ಸಂತೆಗೆ ಹೋಗಿ ಬಂದರೆ ಕಾಶಿಗೆ ಹೋಗಿ ಬಂದಂತೆ ಹೇಳಿಕೊಳ್ಳುತ್ತಿದ್ದರು. ಇವಳು ಮಾಲೂರಿನಲ್ಲಿ ರೈಲು ನೋಡಿದ್ದಳು, ಶ್ರೀನಿವಾಸಪುರಕ್ಕೆ ಹೋಗುವ ಸಣ್ಣ ರೈಲಿನಲ್ಲಿ ಕೂತಿದ್ದಳು. ಕೂತು ಬಂದು ಹೇಳಿದ್ದೇನು? "ಅದೂ ಒಂದು ರೈಲಾ? ಇಳಿದು ಹುಣಸೆಕಾಯಿ ಆಯ್ದುಕೊಂಡು ಮತ್ತೆ ಹತ್ತಬಹುದು." ಮಾಲೂರಿನವರು ಬೆಂಗಳೂರು ಹತ್ತಿರ ಅನ್ನುವ ಜಂಬದಲ್ಲಿ ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾರೆ, ಅಂಬಲಿ ಬಿಟ್ಟು ಕರಿನೀರು ಕುಡಿಯುವ ಮನೆಯಲ್ಲಿ ಹೆಣ್ಣು ಬದುಕುತ್ತದೆಯೇ ಎಂದಳು. ಶ್ರೀನಿವಾಸಪುರದವರು ಮಾವಿನಕಾಯಿ ಬಿಟ್ಟರೆ ಬೇರೆ ತಿಂಡಿ ಕಾಣದವರು, ಸಾರಿಗೂ ಮಾವು, ಗೊಜ್ಜಿಗೂ ಮಾವು, ಮಕ್ಕಳ ಹಲ್ಲೆಲ್ಲ ಜುಮ್ಮಾಗಿರುತ್ತವೆ ಎಂದಳು. ಮುಳಬಾಗಿಲಿನವರು ಮುದ್ದೆಯನ್ನು ಸಂಗಟಿ ಅನ್ನುತ್ತಾರೆ, ಹೆಸರನ್ನೇ ನೆಟ್ಟಗೆ ಹೇಳದವರು ಮುದ್ದೆ ನೆಟ್ಟಗೆ ಕಟ್ಟುತ್ತಾರೆಯೇ ಎಂದಳು. ಹಲ್ಲು ಜುಮ್ಮೆನ್ನಿಸುವ ಮಾವಿನಕಾಯಿಯನ್ನೂ ಕಟ್ಟಲು ಬಾರದ ಸಂಗಟಿಯನ್ನೂ ಅವಳು ಒಂದು ತುತ್ತಾದರೂ ಬಾಯಿಗಿಟ್ಟಿದ್ದಳೇ? ಇಲ್ಲ. ಊರೂರ ತಿಪ್ಪೆ ಕಂಡಿದ್ದಳು, ಒಂದೂರ ಉಪ್ಪು ಕಂಡಿರಲಿಲ್ಲ. ಆದರೆ ಜಗಲಿಯ ಮೇಲೆ ಕೂತು ಕೇಳುವವರಿಗೆ ಅದೆಲ್ಲ ಯಾಕೆ? ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ನಗುತ್ತಿದ್ದರು, ಎಲೆ ಅಡಿಕೆ ಕೊಡುತ್ತಿದ್ದರು.

ನಗದವಳು ಭಾರತಮ್ಮ ಒಬ್ಬಳೇ. ಆ ಎರಡನೇ ಜರ್ಮನಿ ಯುದ್ಧ ಮುಗಿಯಲು ಇನ್ನೂ ಒಂದು ವರ್ಷ ಇದ್ದಾಗ ಅವಳಿಗೆ ಇಪ್ಪತ್ತು ದಾಟಿತ್ತು. ಅವಳ ಜೊತೆ ಕುಂಟೆಬಿಲ್ಲೆ ಆಡಿದವರೆಲ್ಲ ಸೊಂಟಕ್ಕೊಂದು, ಕೈಗೊಂದು ಮಗು ಹಿಡಿದು ಹಬ್ಬಕ್ಕೆ ತವರಿಗೆ ಬರುತ್ತಿದ್ದರು. ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳುವಿಗೆ ಹಾಕುತ್ತಾ, ಕೈಬೆರಳು ಹಸಿರು ಮಾಡಿಕೊಂಡು, ಅದೇ ಬಾಗಿಲಲ್ಲಿ ಅದೇ ಮಾತು ಕೇಳುತ್ತಾ ನಿಂತಿದ್ದಳು. ಬಾವಿಯ ಹತ್ತಿರ ಹೆಂಗಸರು, ಹುಡುಗಿಯಲ್ಲೇ ಏನೋ ಐಬು ಇರಬೇಕು, ಇಲ್ಲದಿದ್ದರೆ ಇಷ್ಟು ಮನೆ ಬಿಡುತ್ತಾರೆಯೇ ಎಂದು ಗುಸುಗುಸು ಮಾಡುತ್ತಿದ್ದರು. ಹೋದ ವರ್ಷದಿಂದ ಕೇಳಿಕೊಂಡು ಬರುವವರೂ ನಿಂತಿದ್ದರು. ದೊಡ್ಡಮುನಿಯಮ್ಮನ ಬಾಯಿಗೆ ಸಿಕ್ಕಿ ಊರೂರಲ್ಲಿ ನಗೆಪಾಟಲಾಗಲು ಯಾರಿಗೆ ಬೇಕಾಗಿದೆ?

ಹೀಗಿರುವಾಗ ರೇಷ್ಮೆಗೂಡಿನ ವ್ಯಾಪಾರದ ಸುಬ್ಬರಾಯಪ್ಪ ಒಂದು ಸುದ್ದಿ ತಂದ. ಮುಳಬಾಗಿಲು ದಾಟಿ, ನಂಗಲಿಯೂ ದಾಟಿ, ಬಂಡಪಲ್ಲಿ ಎಂಬ ಹಳ್ಳಿಯಲ್ಲಿ ಅಶ್ವತ್ಥಪ್ಪ ಎಂಬ ಹುಡುಗ. ತಾಯಿ ಮಗ ಇಬ್ಬರೇ. ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ, ಸ್ವಲ್ಪ ಹಿಪ್ಪುನೇರಳೆ ತೋಟ, ರಾಗಿ ಹೊಲ.

"ನಂಗಲಿ ಆಚೆನಾ? ಅಲ್ಲಿ ಕಾಗೆನೂ ತೆಲುಗಲ್ಲೇ ಕೂಗ್ತದೆ," ಅಂದಳು ದೊಡ್ಡಮುನಿಯಮ್ಮ.

"ನಾವೂ ಮನೇಲಿ ಅರ್ಧ ತೆಲುಗೇ ಆಡ್ತೀವಲ್ಲಕ್ಕ," ಅಂದ ಚನ್ನರಾಯಪ್ಪ.

"ನಮ್ಮದು ಬೇರೆ ಕಣೋ!"

ಏನು ಬೇರೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಶುಕ್ರವಾರ ಬರುತ್ತೇವೆಂದು ಹೇಳಿ ಕಳಿಸಿ, ಗುರುವಾರವೇ ಹೊರಡುವುದು ಎಂದು ನಿಶ್ಚಯವಾಯಿತು. ಹೊರಡುವ ಹೊತ್ತಿಗೆ ಭಾರತಮ್ಮ ಎಂದಿನಂತೆ ರೊಟ್ಟಿ ಕಟ್ಟಿಕೊಡಲಿಲ್ಲ.

"ರೊಟ್ಟಿ ಎಲ್ಲೇ?"

"ಕಟ್ಟಲ್ಲ ಅತ್ತೆ. ಈ ಸಲ ಅಲ್ಲೇ ಉಂಡು ಬಾ."

"ಮನೆ ನೋಡದೆ ಉಣ್ಣೋಕೆ ನಾನೇನು ನಿಮ್ಮ ತಾತನಾ? ನಿನ್ನನ್ನ ಹಾಳು ಬಾವಿಗೆ ತಳ್ಳಲ್ಲ ಕಣೇ ನಾನು."

"ಹಾಳಾದ್ರೆ ನಾನು ಹಾಳಾಗ್ತೀನಿ ಬಿಡು," ಅಂದಳು ಭಾರತಮ್ಮ. "ನೀನು ಕೆಟ್ಟಿದ್ದನ್ನ ನನ್ನ ಮೇಲೆ ಯಾಕೆ ಹೊರಿಸ್ತೀಯ? ಎಲ್ಲಾ ಊರೂ ಕೆಟ್ಟೂರಾ? ಎಲ್ಲಾ ಮನೆಯೋರೂ ಮೋಸಗಾರರಾ? ಇದನ್ನೂ ಬಿಟ್ಟು ಬಂದ್ರೆ ಇನ್ನು ಯಾರೂ ಬರಲ್ಲ. ಆಮೇಲೆ ನಾನು ನಿನ್ನನ್ನ ಏನೂ ಕೇಳಲ್ಲ ಅತ್ತೆ."

ಆ ಹುಡುಗಿ ಅಷ್ಟು ಮಾತಾಡಿದ್ದು ಅದೇ ಮೊದಲು. ದೊಡ್ಡಮುನಿಯಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ತಾನೇ ಒಳಗೆ ಹೋಗಿ, ತಂಗಳು ರೊಟ್ಟಿ ಹುಡುಕಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೇ ಹೊರಟಳು.

ಯುದ್ಧದ ಕಾಲದ ಇದ್ದಿಲು ಬಸ್ಸು. ಹಿಂದುಗಡೆ ಒಂದು ಒಲೆ ಹೊತ್ತುಕೊಂಡು, ಸೀದ ಹೊಗೆ ಬಿಡುತ್ತಾ, ಏರು ಬಂದಾಗಲೆಲ್ಲ ನಿಂತುಬಿಡುತ್ತಿತ್ತು. ಗಂಡಸರು ಇಳಿದು ನೂಕುತ್ತಿದ್ದರು. "ಬಸ್ಸನ್ನ ನಾವು ನೂಕೋದಾದ್ರೆ ದುಡ್ಡು ನಮಗೆ ಕೊಡಬೇಕು," ಎಂದು ಕಂಡಕ್ಟರನಿಗೆ ದಾರಿಯುದ್ದಕ್ಕೂ ಹೇಳಿದಳು. ಮುಳಬಾಗಿಲಿನಲ್ಲಿ ಇಳಿದು ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುವಾಗ ಒಂದು ಕೋತಿ ಬಂದು ಮಡಿಲಿನ ರೊಟ್ಟಿ ಗಂಟನ್ನು ಕಿತ್ತುಕೊಂಡು ಮಾಳಿಗೆ ಏರಿತು. ಏರಿ, ಬಿಚ್ಚಿ, ಮೂಸಿ, ಒಂದು ರೊಟ್ಟಿ ತಿಂದು ಇನ್ನೊಂದನ್ನು ಬೀದಿಗೆ ಎಸೆಯಿತು.

"ನೋಡೋ, ನೋಡೋ ಈ ಊರಿನ ಮರ್ಯಾದೆ! ಕೋತಿಗೂ ಜಂಬ!" ಎಂದು ಅವಳು ಕೂಗಾಡಿದಳು. ಚನ್ನರಾಯಪ್ಪ ಹೋಟೆಲಿನಲ್ಲಿ ಏನಾದರೂ ತಿನ್ನು ಎಂದ. ಹೋಟೆಲಿನವರ ಕೈಯ ನೀರನ್ನೂ ಅವಳು ಮುಟ್ಟುವವಳಲ್ಲ.

ನಂಗಲಿಯಲ್ಲಿ ತಮ್ಮನನ್ನು ಒಂದು ಹುಣಸೆ ಮರದ ಕೆಳಗೆ ಕೂರಿಸಿ, ಅಲ್ಲಾಡಬೇಡ ಎಂದು ಹೇಳಿ, ಒಬ್ಬಳೇ ಹೊಲದ ದಾರಿ ಹಿಡಿದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಯುಗಾದಿ ಕಳೆದ ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಬಂಡಪಲ್ಲಿಯ ಹಂಚು ಕಾಣುವ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಎದುರಿಗೆ ಹಿಪ್ಪುನೇರಳೆ ತೋಟ, ಅಂಚಿನಲ್ಲಿ ಬಾವಿ. ಒಬ್ಬ ಹುಡುಗ ಕಪಿಲೆ ಹೊಡೆಯುತ್ತಿದ್ದ. ಈ ಕಡೆ ತಲೆಗೆ ಬಟ್ಟೆ ಸುತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ತಿರುಗಿ ನೋಡಿದಳು.

"ಏಮ್ಮಾ, ಯಾವೂರು ನಿಂದು? ಇಂಥ ಬಿಸಿಲಲ್ಲಿ ಎಲ್ಲಿಗೆ?" ಎಂದು ನೀರಿನ ಚೊಂಬು ಚಾಚಿದಳು.

ದೊಡ್ಡಮುನಿಯಮ್ಮ ಊರಿನ ಹೆಸರು ಹೇಳಲಿಲ್ಲ. ಅಷ್ಟು ದಡ್ಡಿಯೇ ಅವಳು? "ಇಲ್ಲಿ ಅಶ್ವತ್ಥಪ್ಪ ಅಂತ ಇದ್ದಾನಂತಲ್ಲ, ಅವರ ಮನೆ ತಿಪ್ಪೆ ಯಾವ ಕಡೆ ಬರ್ತದೆ?" ಎಂದು ಕೇಳಿದಳು.

ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಯಾರಾದರೂ ಮನೆ ಎಲ್ಲಿ ಎಂದು ಕೇಳುತ್ತಾರೆ, ತಿಪ್ಪೆ ಎಲ್ಲಿ ಎಂದು ಯಾರು ಕೇಳುತ್ತಾರೆ? ಸೊಪ್ಪಿನ ಮಂಕರಿ ಕೆಳಗಿಟ್ಟು, ಮರದ ನೆರಳಲ್ಲಿ ಕೂತು, "ತಿಪ್ಪೆ ಏನೋ ಪರವಾಗಿಲ್ಲ ಕಣಕ್ಕ, ಆ ಮನೆ ಯಜಮಾನಿನೇ ಸರಿಯಿಲ್ಲ," ಅಂದಳು.

ದೊಡ್ಡಮುನಿಯಮ್ಮನ ಕಿವಿ ನೆಟ್ಟಗಾಯಿತು. ಅವಳೂ ಕೂತಳು. "ಹೌದಾ? ಹೆಂಗೆ?"

"ಗಯ್ಯಾಳಿ. ಕೋಳಿ ಕೂಗೋ ಮುಂಚೆ ಎದ್ದು ಬೀದಿನೆಲ್ಲ ಎಬ್ಬಿಸ್ತಾಳೆ. ಎಲ್ಲಮ್ಮ ಅಂತ ಹೆಸರು. ಅವಳ ಬಾಯಿಗೆ ಹೆದರಿ ನಮ್ಮೂರ ನಾಯಿ ಕೂಡ ಆ ಕಡೆ ಬೊಗಳಲ್ಲ."

"ಅಯ್ಯೋ! ಮಗ?"

"ಅವನೊಬ್ಬ ಮೂಗ. ಎತ್ತಿನ ಜೊತೆ ಆಡೋ ಮಾತು ಮನುಷ್ಯರ ಜೊತೆ ಆಡಲ್ಲ. ಮೊದಲು ಎತ್ತಿಗೆ ನೀರು, ಆಮೇಲೆ ಇವನಿಗೆ. ಇಂಥವನಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ?"

"ಕೊಡ್ತಾರಾ!" ಎಂದು ದೊಡ್ಡಮುನಿಯಮ್ಮ ತೊಡೆ ತಟ್ಟಿದಳು. "ಸೊಸೆ ಬಂದ್ರೆ ಆ ಗಯ್ಯಾಳಿ ಹೆಂಗೆ ನೋಡ್ಕೋತಾಳೆ?"

"ಅದೊಂದು ದರಿದ್ರದ ಮನೆ. ಅತ್ತೆ ಅಂದ್ರೆ ಜಗಲಿ ಮೇಲೆ ಕೂತು ಕಾಲು ಒತ್ತಿಸ್ಕೋಬೇಕು ತಾನೇ? ಅವಳು ಸೊಸೆ ಜೊತೆ ತಾನೂ ಸೊಪ್ಪಿಗೆ ಬರ್ತಾಳಂತೆ. ಇದ್ದಿದ್ದನ್ನ ಇಬ್ಬರೂ ಒಂದೇ ತಟ್ಟೇಲಿ ಉಣ್ಣಬೇಕಂತೆ. ಮರ್ಯಾದಸ್ತರ ಮನೇಲಿ ಹಿಂಗುಂಟಾ?"

ದೊಡ್ಡಮುನಿಯಮ್ಮನಿಗೆ ಖುಷಿಯೋ ಖುಷಿ. ಇಷ್ಟು ವರ್ಷ ಊರೂರು ಸುತ್ತಿ ಜನರನ್ನು ಬೈದಿದ್ದಳು, ತನ್ನ ಸರಿಸಮ ಬೈಯುವವಳು ಎಲ್ಲೂ ಸಿಕ್ಕಿರಲಿಲ್ಲ. ಅವಳು ಮಾಲೂರಿನ ಕಾಫಿ ಹೇಳಿದಳು, ಇವಳು ಚಿತ್ತೂರಿನ ಕಡೆಯವರ ಖಾರ ಹೇಳಿದಳು. ಅವಳು ಆವನಿಯ ಎತ್ತು ಹೇಳಿದಳು, ಇವಳು ಬಿದ್ದು ಬಿದ್ದು ನಕ್ಕಳು. ತೆಲುಗು ಬಾರದವಳ ಹಾಗೆ ನಟಿಸುತ್ತಿದ್ದ ದೊಡ್ಡಮುನಿಯಮ್ಮ ಮಾತಿನ ಭರದಲ್ಲಿ ತೆಲುಗಿನಲ್ಲೇ ಬೈಯತೊಡಗಿದಳು. ಬೈಯಲು ಆ ಭಾಷೆ ಎಷ್ಟು ಸಲೀಸು ಎಂದು ಅವಳಿಗೇ ಆಶ್ಚರ್ಯವಾಯಿತು.

"ಮುಖ ಬಾಡಿದೆ ನಿಂದು," ಅಂದಳು ಆ ಹೆಂಗಸು, ಮರದ ಬುಡದಲ್ಲಿದ್ದ ಊಟದ ಬುಟ್ಟಿಯ ಬಟ್ಟೆ ತೆಗೆಯುತ್ತಾ. "ಒಂದು ತುತ್ತು ತಿನ್ನು. ಆಮೇಲೆ ಇಬ್ಬರೂ ಹೋಗಿ ಆ ಎಲ್ಲಮ್ಮನ ತಿಪ್ಪೆ ನೋಡೋಣ."

ಎಷ್ಟೇ ಹಸಿದಿದ್ದರೂ ದೊಡ್ಡಮುನಿಯಮ್ಮ ಕೇಳಬೇಕಾದ್ದನ್ನು ಕೇಳದೆ ಬಿಡಲಿಲ್ಲ. "ನೀವು ಯಾವ ಜನ?"

"ನೀನು ನೋಡೋಕೆ ಬಂದಿರೋ ಮನೆಯೋರ ಜನವೇ ನಾವೂ. ಹೆದರಬೇಡ, ಜಾತಿ ಕೆಡಲ್ಲ."

ಮುತ್ತುಗದ ಎಲೆಯ ಮೇಲೆ ಸಂಗಟಿ ಬಿತ್ತು, ಅದರ ಪಕ್ಕ ಮಾವಿನಕಾಯಿ ಹಾಕಿ ಬೇಯಿಸಿದ ಪಪ್ಪು. ಇದು ಅಶ್ವತ್ಥಪ್ಪನ ಮನೆಯಲ್ಲ, ಯಾರದೋ ಹೊಲ, ಯಾವಳೋ ಹೆಂಗಸು, ಉಂಡರೆ ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ದೊಡ್ಡಮುನಿಯಮ್ಮ ತುತ್ತು ಮುರಿದಳು. ಹುಳಿಯೂ ಬೇಳೆಯೂ ಬೆಳ್ಳುಳ್ಳಿಯ ಒಗ್ಗರಣೆಯೂ ಒಟ್ಟಿಗೆ ನಾಲಿಗೆಗೆ ತಾಗಿದವು. ಪರ ಊರಿನ ಅನ್ನ ಅವಳ ಗಂಟಲಲ್ಲಿ ಇಳಿದು ಮೂವತ್ತು ವರ್ಷವಾಗಿತ್ತು. ಕಣ್ಣಲ್ಲಿ ನೀರು ಬಂತು. "ಉಪ್ಪು ಕಮ್ಮಿ," ಅಂದಳು. ಅಂದು ಇನ್ನೊಂದು ಮುದ್ದೆ ಹಾಕಿಸಿಕೊಂಡಳು.

ಬಾವಿಯ ಕಡೆ ಕಪಿಲೆ ನಿಂತಿತು. ಹುಡುಗ ಎತ್ತು ಬಿಚ್ಚಿದ. ಅವುಗಳ ಕತ್ತು ಸವರಿದ, ನೀರು ಕುಡಿಸಿದ, ಆಮೇಲೆ ತಾನು ಕೈಕಾಲು ತೊಳೆದುಕೊಂಡ. ಅವನು ಈ ಕಡೆ ಬಂದರೆ ಎತ್ತುಗಳೂ ಹಗ್ಗವಿಲ್ಲದೆ ಅವನ ಹಿಂದೆಯೇ ಬಂದವು. ದೊಡ್ಡಮುನಿಯಮ್ಮ ಅದನ್ನು ನೋಡಿದಳು. ನೋಡಿದ್ದೇ ತುತ್ತು ಬಾಯಲ್ಲೇ ನಿಂತಿತು.

"ಅಮ್ಮಾ, ನಾಳೆ ವಕ್ಕಲೇರಿಯೋರು ಬಂದ್ರೆ ಏನು ಅಡಿಗೆ?" ಎಂದ ಹುಡುಗ.

"ಏನೂ ಬೇಡ ಅಶ್ವತ್ಥ," ಅಂದಳು ಎಲ್ಲಮ್ಮ, ಕೈ ತೊಳೆಯುತ್ತಾ. "ವಕ್ಕಲೇರಿಯೋರ ಊಟ ಆಯ್ತು."

ದೊಡ್ಡಮುನಿಯಮ್ಮ ಎಲೆ ಬಿಟ್ಟು ಎದ್ದಳು. ಎಲೆಯಲ್ಲಿ ಬಿಡಲು ಹೆಚ್ಚೇನೂ ಉಳಿದಿರಲಿಲ್ಲ. "ಮೋಸ! ಇದು ಹೊಲ, ಮನೆಯಲ್ಲ. ಹೊಲದಲ್ಲಿ ಉಂಡಿದ್ದು ಲೆಕ್ಕಕ್ಕಿಲ್ಲ!"

"ರಾಗಿ ನಮ್ಮದು, ಮುದ್ದೆ ಕಟ್ಟಿದ್ದು ನಾನು. ಮೋಸ ಎಲ್ಲಿ ಬಂತು? ಆ ಮನೆ ಬಗ್ಗೆ ಒಂದಾದ್ರೂ ಸುಳ್ಳು ಹೇಳಿದೆನಾ? ನಾನು ಗಯ್ಯಾಳಿ ಹೌದು. ನೀನು ಹಿಂದಿನ ದಾರಿಯಲ್ಲಿ ಕಳ್ಳಿ ಹಂಗೆ ಬರಬಹುದು, ನಾನು ಹೊಲದಲ್ಲಿ ಬಡಿಸಬಾರದಾ?"

"ಊರಿಗೆಲ್ಲ ಸಾರ್ತೀಯ ಇನ್ನು."

"ನಾನ್ಯಾಕೆ ಸಾರಲಿ? ಒಂದು ಮಾತೂ ಆಡಲ್ಲ," ಅಂದಳು ಎಲ್ಲಮ್ಮ. "ನಿನ್ನ ಬಾಯಿ ಇದೆಯಲ್ಲ ಅಕ್ಕಾ. ಅದು ಸುಮ್ನಿರಲ್ಲ."

ದೊಡ್ಡಮುನಿಯಮ್ಮ ಕೈಯನ್ನೂ ತೊಳೆಯದೆ ನಡೆದಳು. ನಂಗಲಿಯ ಮರದ ಕೆಳಗೆ ತಮ್ಮನಿಗೆ, "ನಾಳೆ ಬರೋದೇನೂ ಬೇಡ, ನಡಿ," ಎಂದಷ್ಟೇ ಹೇಳಿದಳು. ಅವನು ಅವಳ ಮುಖ ನೋಡಿ ಎದ್ದು ಹಿಂದೆ ನಡೆದ. ರಾತ್ರಿ ಕೋಲಾರದಲ್ಲಿ ನೆಂಟರ ಮನೆಯಲ್ಲಿ ತಂಗಿ, ಮಾರನೆಯ ದಿನ ಬೆಳಿಗ್ಗೆ ಊರ ದಾರಿ ಹಿಡಿದರು.

ದಾರಿಯುದ್ದಕ್ಕೂ ಅವಳ ಮನಸ್ಸು ಅವಳ ಜೊತೆ ಜಗಳವಾಡಿತು. ಆ ಮನೆ ಕೆಟ್ಟದ್ದಲ್ಲ. ಎರವಲು ಎತ್ತು ಯಾರ ಹಿಂದೆಯೂ ಹಾಗೆ ಬರುವುದಿಲ್ಲ, ಅದು ಅವಳಿಗೆ ಗೊತ್ತು. ಅದು ಗೊತ್ತಿದ್ದೇ ಹೆದರಿಕೆಯಾಯಿತು. ಕೆಟ್ಟ ಮನೆಗೆ ಹೆದರಬೇಕಾಗಿಲ್ಲ, ಬೈದು ಎದ್ದು ಬಂದರಾಯಿತು. ಒಳ್ಳೆಯ ಮನೆ ಹುಡುಗಿಯನ್ನು ಕರೆದುಕೊಂಡು ಹೋಗಿಬಿಡುತ್ತದೆ. ಇಷ್ಟು ದಿನ ತಾನು ಬಿಟ್ಟು ಬಂದ ಮನೆಗಳಲ್ಲಿ ಇಂಥವು ಎಷ್ಟಿದ್ದವು? ಆ ಯೋಚನೆ ಬಂದದ್ದೇ ಅದನ್ನು ಬಾಯಿಂದ ಉಗುಳುವ ಹಾಗೆ ಬಸ್ಸಿನ ಆಚೆಗೆ ಉಗುಳಿದಳು. ಉಂಡಿಲ್ಲ ಎಂದರೆ ಉಂಡಿಲ್ಲ. ಕಂಡವರು ಯಾರು?

ಭಾರತಮ್ಮ ಬಾಗಿಲಲ್ಲಿ ನಿಂತಿದ್ದಳು. ಬೆರಳೆಲ್ಲ ಸೊಪ್ಪಿನ ಹಸಿರು.

"ಅತ್ತೆ, ಊಟ ಮಾಡಿದ್ಯಾ?"

"ಇಲ್ಲ," ಅಂದಳು ದೊಡ್ಡಮುನಿಯಮ್ಮ.

ಭಾರತಮ್ಮ ಅಳಲಿಲ್ಲ. ಒಳಗೂ ಹೋಗಲಿಲ್ಲ. ಕಂಬ ಹಿಡಿದು ಅಲ್ಲೇ ಕೂತುಕೊಂಡಳು. ಚನ್ನರಾಯಪ್ಪ ಪೇಟ ಬಿಚ್ಚಿ ಗೋಡೆಯ ಕಡೆ ತಿರುಗಿದ. ಬೈದರೆ ತಡೆದುಕೊಳ್ಳುತ್ತಿದ್ದಳು, ಅತ್ತರೆ ಗದರುತ್ತಿದ್ದಳು, ಆದರೆ ಆ ಸುಮ್ಮನಿರುವಿಕೆಯನ್ನು ದೊಡ್ಡಮುನಿಯಮ್ಮ ತಡೆಯಲಾರದೆ ಹೋದಳು. ಕಾಲು ಚಾಚಿ ಜಗಲಿಯ ಮೇಲೆ ಕೂತು ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈಹಾಕಿದಳು.

"ಅದೂ ಒಂದು ಊರಾ? ಬಂಡೆ ಬಿಟ್ಟರೆ ಬರೀ ಬಂಡೆ. ದಾರಿ ಅನ್ನೋದೇ ಇಲ್ಲ. ಆ ಯಜಮಾನಿ ಇದ್ದಾಳಲ್ಲ, ಎಲ್ಲಮ್ಮನಂತೆ, ಅದೇನು ಬಾಯಿ ಅಂತೀಯ! ದೊಡ್ಡೋರು ಚಿಕ್ಕೋರು ನೋಡಲ್ಲ. ತಲೆಗೆ ಬಟ್ಟೆ ಸುತ್ಕೊಂಡು ಗಂಡಸಿನ ಹಂಗೆ ಇದ್ದಾಳೆ. ಆ ಹುಡುಗನೋ, ಎತ್ತಿಗೆ ನೀರು ಕುಡಿಸದೆ ತಾನು ಕುಡಿಯಲ್ಲ, ಹುಚ್ಚ. ಆ ಸಂಗಟಿ ಗಟ್ಟಿ, ಗಂಟಲಲ್ಲಿ ಇಳಿಯಲ್ಲ. ಉಪ್ಪಂತೂ ಇಲ್ಲವೇ ಇಲ್ಲ. ಪಪ್ಪಿಗೆ ಬೆಳ್ಳುಳ್ಳಿ ಅಷ್ಟು ಹಾಕ್ತಾರೇನೇ ಯಾರಾದ್ರೂ? ಒಗ್ಗರಣೆ ಬೇರೆ ಸೀದಿತ್ತು, ಇವತ್ತು ಬೆಳಿಗ್ಗೆವರೆಗೂ ಬಾಯಲ್ಲಿ ಅದೇ..."

ಅವಳು ನಿಲ್ಲಿಸಿದಳು. ಚನ್ನರಾಯಪ್ಪ ಗೋಡೆಯಿಂದ ಈ ಕಡೆ ತಿರುಗಿದ್ದ.

"ಎರಡನೇ ಮುದ್ದೆಗೂ ಉಪ್ಪು ಇರಲಿಲ್ವಾ ಅತ್ತೆ?" ಎಂದು ಭಾರತಮ್ಮ ಮೆಲ್ಲಗೆ ಕೇಳಿದಳು.

"ಎರಡು ಅಂತ ನಾನು ಯಾವಾಗಲೇ ಹೇಳ್ದೆ?"

"ಒಂದು ಮುದ್ದೆಗೆ ನೀನು ಎದ್ದವಳಲ್ಲ."

ಚನ್ನರಾಯಪ್ಪನಿಗೆ ನಗು ಬಂತು. ಅಕ್ಕನ ಎದುರು ಅವನು ನಕ್ಕದ್ದು ಅದೇ ಮೊದಲಿರಬೇಕು, ನಗಲು ಸರಿಯಾಗಿ ಬರದೆ ಕೆಮ್ಮಿದ. ದೊಡ್ಡಮುನಿಯಮ್ಮ, "ಹೊಲ ಕಣೇ ಅದು, ಮನೆಯಲ್ಲ," ಎಂದು ಏನೋ ಹೇಳಹೊರಟಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಭಾರತಮ್ಮ ಎದ್ದು ಒಳಗೆ ಓಡಿದಳು. ಬಂದಾಗ ಕೈಯಲ್ಲಿ ಬೆಲ್ಲದ ಚೂರಿತ್ತು. ಒಪ್ಪಿಗೆಯಾದ ಮನೆಯಲ್ಲಿ ಬಾಯಿ ಸಿಹಿ ಮಾಡಬೇಕಲ್ಲ, ಅತ್ತೆಯ ಎದುರು ಮಂಡಿಯೂರಿ ಕೂತು ಬೆಲ್ಲವನ್ನು ಅವಳ ತುಟಿಯ ಹತ್ತಿರ ಹಿಡಿದಳು.

ದೊಡ್ಡಮುನಿಯಮ್ಮ ಬಾಯಿ ಬಿಗಿದುಕೊಂಡಳು. ಹುಡುಗಿಯ ಹಸಿರು ಬೆರಳನ್ನೇ ನೋಡುತ್ತಾ ಕೂತಳು.

"ನೀನು ಹೋದ್ರೆ," ಅಂದಳು, "ಊಟ ಮಾಡಿದ್ಯಾ ಅಂತ ಬಾಗಿಲಲ್ಲಿ ನನ್ನನ್ನ ಕೇಳೋರು ಯಾರೇ?"

ಬಾಯಿ ತೆರೆದದ್ದೇ ತಡ, ಭಾರತಮ್ಮ ಬೆಲ್ಲವನ್ನು ಒಳಗೆ ತುರುಕಿದಳು.

"ಹಳೇ ಬೆಲ್ಲ. ಮಣ್ಣಿದೆ ಇದರಲ್ಲಿ," ಅಂದಳು ದೊಡ್ಡಮುನಿಯಮ್ಮ, ಕಣ್ಣೊರೆಸಿಕೊಳ್ಳುತ್ತಾ. ಆದರೆ ಉಗುಳಲಿಲ್ಲ.